ಮಹಾರಾಜರನ್ನು ಕೊಂಡೊಯ್ದ ಗಂಟಲಮಾರಿ

ನಾನು ಏಳನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಹಿರೀಸಾವೆಯಿಂದ ಬೆಳಗಿನ ಜಾವ ಐದು ಗಂಟೆಗೆ ಬಸ್ಸು ಹೊರಟಿತ್ತು. ಅರಮನೆ ನೋಡಿದೆವು, ಆಮೇಲೆ ಮೃಗಾಲಯಕ್ಕೆ ಹೋದೆವು. ಬಾಗಿಲಿನ ಮೇಲೆ ಶ್ರೀ ಚಾಮರಾಜೇಂದ್ರ ಮೃಗಾಲಯ ಎಂದು ದೊಡ್ಡ ಅಕ್ಷರಗಳಲ್ಲಿತ್ತು. ಆ ಹೆಸರಿನ ಕೆಳಗೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಮನೆಗೆ ಬಂದು ತಂಗಿಗೆ ಜಿರಾಫೆಯ ಎತ್ತರ ಎಷ್ಟು ಎಂದು ಕೈ ಎತ್ತಿ ತೋರಿಸಿದೆ. ಚಾಮರಾಜೇಂದ್ರ ಎಂದರೆ ಯಾರು ಎಂದು ನಾನೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಈ ವರ್ಷ ನಮ್ಮ ಕನ್ನಡ ಮೇಡಂ ವಾರ್ತಾಪತ್ರಿಕೆಗಾಗಿ ನಾಡಿನ ಹಿರಿಯರೊಬ್ಬರ ಜೀವನ ಬರೆದುಕೊಡಿ ಎಂದರು. ಅವರು ಆಡಿದ ಮಾತು, ಇವರು ಹೊಗಳಿದ ಮಾತು ಎಂದು ಎಲ್ಲಿಂದಲೋ ತಂದು ಅಂಟಿಸಬಾರದು, ಓದಿ ಅರ್ಥ ಮಾಡಿಕೊಂಡು ನಿಮ್ಮ ಮಾತಿನಲ್ಲೇ ಹೇಳಬೇಕು ಎಂಬ ಷರತ್ತು ಹಾಕಿದರು. ಟಿಪ್ಪು ಸುಲ್ತಾನ್, ಅಬ್ದುಲ್ ಕಲಾಂ, ವಿಶ್ವೇಶ್ವರಯ್ಯ ಮೂವರನ್ನೂ ಗೆಳತಿಯರು ಮೊದಲೇ ಹಿಡಿದುಕೊಂಡುಬಿಟ್ಟಿದ್ದರು. ಆಗ ನನಗೆ ಮೃಗಾಲಯದ ಬಾಗಿಲು ನೆನಪಾಯಿತು. ಗ್ರಂಥಾಲಯದಲ್ಲಿ ಸಿಕ್ಕ ಪುಸ್ತಕಗಳನ್ನು ಓದಲು ಕುಳಿತೆ. ಅವರ ಕೊನೆಯ ದಿನಗಳ ಪುಟಕ್ಕೆ ಬಂದಾಗ ಮಾತ್ರ ನನ್ನ ಓದು ನಿಂತುಹೋಯಿತು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1863ರ ಫೆಬ್ರವರಿ 22ರಂದು, ಬೆಟ್ಟದಕೋಟೆ ಅರಸು ಮನೆತನದಲ್ಲಿ. ಆಗ ಮೈಸೂರಿನ ಸಿಂಹಾಸನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಇದ್ದರು. ಹೆಸರಿಗೆ ಅವರು ಮಹಾರಾಜರು. ಆದರೆ ರಾಜ್ಯದ ಆಡಳಿತವನ್ನು 1831ರಲ್ಲೇ ಬ್ರಿಟಿಷರು ಅವರ ಕೈಯಿಂದ ತೆಗೆದುಕೊಂಡಿದ್ದರು. ಅವರಿಗೆ ವಾರಸುದಾರನಾಗುವ ಮಗನಿರಲಿಲ್ಲ. ದತ್ತು ತೆಗೆದುಕೊಳ್ಳದಿದ್ದರೆ ತಮ್ಮ ನಂತರ ರಾಜ್ಯ ಪೂರ್ತಿಯಾಗಿ ಬ್ರಿಟಿಷರ ಪಾಲಾಗುತ್ತದೆ ಎಂಬ ಭಯ ಅವರಿಗಿತ್ತು. 1865ರಲ್ಲಿ ಎರಡು ವರ್ಷದ ಈ ಮಗುವನ್ನು ದತ್ತು ತೆಗೆದುಕೊಂಡರು. 1868ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಐದು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು.

ಐದು ವರ್ಷ ಎಂದರೆ ಅಂಗನವಾಡಿ ಮುಗಿಸಿ ಒಂದನೇ ತರಗತಿಗೆ ಹೋಗುವ ವಯಸ್ಸು. ಆ ವಯಸ್ಸಿನಲ್ಲಿ ಅವರು ಮಹಾರಾಜರಾದರು. ಅಧಿಕಾರ ಮಾತ್ರ ಬ್ರಿಟಿಷ್ ಕಮಿಷನರ್ ಬಳಿಯೇ ಉಳಿಯಿತು. ಹುಡುಗನನ್ನು ಓದಿಸಲು ಕರ್ನಲ್ ಮ್ಯಾಲಿಸನ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ನೇಮಿಸಿದರು. ಓದು, ಕುದುರೆ ಸವಾರಿ, ಸಂಗೀತ ಎಲ್ಲವನ್ನೂ ಕಲಿತರು. ಪಿಟೀಲು ನುಡಿಸುವುದೆಂದರೆ ಅವರಿಗೆ ಇಷ್ಟ.

ಅವರು ಹದಿಹರೆಯದಲ್ಲಿದ್ದಾಗ, 1876ರಿಂದ 1878ರವರೆಗೆ, ಮೈಸೂರು ಸೀಮೆಗೆ ಭೀಕರ ಕ್ಷಾಮ ಬಂತು. ಮಳೆ ಹೋಯಿತು, ಕೆರೆಗಳು ಒಣಗಿದವು. ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಕಾಯಿಲೆಗಳಿಂದಲೂ ಸುಮಾರು 10 ಲಕ್ಷ ಜನ ಇಲ್ಲವಾದರು. ಐದು ಜನರಿದ್ದ ಕಡೆ ಒಬ್ಬರು ಹೋದರು ಎಂದು ಲೆಕ್ಕ. ಆ ಸಂಖ್ಯೆಯನ್ನು ಓದಿ ನಮ್ಮ ಮನೆಯನ್ನೇ ಎಣಿಸಿದೆ. ಅಬ್ಬಾ, ಅಮ್ಮಿ, ದಾದಿ, ನಾನು, ತಂಗಿ. ಐದು ಜನ.

1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಹದಿನೆಂಟು ವರ್ಷದ ಚಾಮರಾಜೇಂದ್ರರಿಗೆ ಹಿಂದಿರುಗಿಸಿದರು. ಐವತ್ತು ವರ್ಷಗಳ ನಂತರ ಮೈಸೂರು ಒಡೆಯರ ಕೈಗೆ ಮರಳಿತು. ನಾನು ವಾಣಿಜ್ಯ ವಿಭಾಗದವಳಾದ್ದರಿಂದ ಆ ದಿನದ ಲೆಕ್ಕಪತ್ರ ಹೇಗಿತ್ತು ಎಂದು ನೋಡಿದೆ. ಕ್ಷಾಮದ ಸಾಲ 80 ಲಕ್ಷ ರೂಪಾಯಿ. ಅದರ ಮೇಲೆ ಬ್ರಿಟಿಷರಿಗೆ ವರ್ಷವರ್ಷ ಕಟ್ಟುವ ಪೊಗದಿ 24.5 ಲಕ್ಷ. ಅದನ್ನೂ 35 ಲಕ್ಷಕ್ಕೆ ಏರಿಸಿದ್ದರು, ಕ್ಷಾಮದ ಕಾರಣದಿಂದ ಆ ಏರಿಕೆಯನ್ನು ಕೆಲವು ವರ್ಷ ಮುಂದೂಡಿದ್ದರು ಅಷ್ಟೇ. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಇಂಥ ವ್ಯವಹಾರದ ಆಯವ್ಯಯ ಪಟ್ಟಿ ಬಂದರೆ ಅಂಗಡಿ ಮುಚ್ಚುವುದೇ ಮೇಲು ಅನ್ನಿಸುತ್ತದೆ.

ಅವರು ಮುಚ್ಚಲಿಲ್ಲ. ದಿವಾನ್ ರಂಗಾಚಾರ್ಲು ಅವರ ಜೊತೆ ಸೇರಿ ಖರ್ಚು ತಗ್ಗಿಸಿದರು. 1881ರ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ರಾಜ್ಯದ ನಾನಾ ಕಡೆಯ 144 ಜನ ಮೈಸೂರಿಗೆ ಬಂದು ತಮ್ಮ ಊರಿನ ಕಷ್ಟಸುಖವನ್ನು ಸರ್ಕಾರದ ಮುಂದೆ ಹೇಳಿಕೊಂಡರು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಆದರೂ ಭಾರತದ ಸಂಸ್ಥಾನಗಳಲ್ಲಿ ಅಂಥ ಸಭೆ ಅದೇ ಮೊದಲು. ಅದೇ ವರ್ಷ ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆಯೂ ಶುರುವಾಯಿತು. ಹೆಣ್ಣುಮಕ್ಕಳು ಹೊಸ್ತಿಲು ದಾಟಿ ಓದಲು ಹೋಗುವುದು ಅಪರೂಪವಾಗಿದ್ದ ಕಾಲ ಅದು.

1883ರಿಂದ ಶೇಷಾದ್ರಿ ಅಯ್ಯರ್ ದಿವಾನರಾದರು. ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂತು. ತುಮಕೂರು, ತಿಪಟೂರು, ಅರಸೀಕೆರೆ ಹಾದು ಹರಿಹರದ ಕಡೆಗೆ ಹೋಗುವ ಹಳಿಯೂ ಅವರ ಕಾಲದ್ದೇ. ನಮ್ಮ ಅಬ್ಬಾ ತೆಂಗಿನಕಾಯಿ ವ್ಯಾಪಾರ ಮಾಡುತ್ತಾರೆ. ಕೊಬ್ಬರಿ ಧಾರಣೆ ಏರಿತೋ ಇಳಿಯಿತೋ ಎಂದು ದಿನಾ ತಿಪಟೂರಿಗೆ ಫೋನ್ ಮಾಡುತ್ತಾರೆ. ತಿಪಟೂರು ಅಷ್ಟು ದೊಡ್ಡ ಮಾರುಕಟ್ಟೆಯಾಗಿ ಬೆಳೆಯಲು ಆ ಹಳಿಯೂ ಸಹಾಯ ಮಾಡಿರಬೇಕು ಎಂದು ಹೇಳಿದಾಗ ಅಬ್ಬಾ ಲೆಕ್ಕದ ಪುಸ್ತಕದಿಂದ ತಲೆಯೆತ್ತಿ ನೋಡಿದರು. ನನ್ನ ಲೇಖನದಲ್ಲಿ ಅವರಿಗೆ ಆಸಕ್ತಿ ಬಂದದ್ದು ಅದೇ ಮೊದಲು.

ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ, 1892ರಲ್ಲಿ ಪ್ರಾರಂಭವಾದ ಮೃಗಾಲಯ ಎಲ್ಲವೂ ಅವರ ಆಳ್ವಿಕೆಯವು. ಅದೇ ವರ್ಷ ಸ್ವಾಮಿ ವಿವೇಕಾನಂದರು ಅವರ ಅರಮನೆಯ ಅತಿಥಿಯಾಗಿದ್ದರು. 1894ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆ ಮಾಡಬಾರದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು ಎಂದು ಕಾನೂನು ತಂದರು. ಈಗ ಕೇಳಿದರೆ ಎಂಟು ವರ್ಷವೇ ಎಂದು ಗಾಬರಿಯಾಗುತ್ತದೆ. ಆದರೆ ಆ ಕಾಲದಲ್ಲಿ ಅಷ್ಟಕ್ಕೂ ಬಹಳ ವಿರೋಧವಿತ್ತು.

ಅದೇ 1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಗೆ ಹೋದರು. ಆಗ ಕಲ್ಕತ್ತೆ ಬ್ರಿಟಿಷ್ ಇಂಡಿಯಾದ ರಾಜಧಾನಿ. ಅಲ್ಲಿ ಅವರಿಗೆ ಕಾಯಿಲೆಯಾಯಿತು. ಡಿಸೆಂಬರ್ 28ರಂದು ತೀರಿಕೊಂಡರು. ವಯಸ್ಸು 31. ಕಾಯಿಲೆಯ ಹೆಸರು ಡಿಫ್ತೀರಿಯಾ.

ನನ್ನ ಓದು ನಿಂತದ್ದು ಇಲ್ಲಿಯೇ. ಆ ಹೆಸರನ್ನು ನಾನು ಮೊದಲೇ ನೋಡಿದ್ದೆ. ಹತ್ತನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಒಂದು ಚೀಟಿ ಕೊಟ್ಟಿದ್ದರು. ಹದಿನಾರು ವರ್ಷದ ಮಕ್ಕಳಿಗೆ ಟಿಡಿ ಇಂಜೆಕ್ಷನ್ ಹಾಕುತ್ತಾರೆ, ಟಿ ಎಂದರೆ ಟೆಟನಸ್, ಡಿ ಎಂದರೆ ಡಿಫ್ತೀರಿಯಾ ಎಂದು ಅದರಲ್ಲಿತ್ತು. ಅದೇ ವಾರ ಅಮ್ಮಿಯ ಫೋನಿಗೆ ನೆಂಟರ ಗುಂಪಿನಲ್ಲಿ ಒಂದು ವಿಡಿಯೋ ಬಂದಿತ್ತು. ಶಾಲೆಯಲ್ಲಿ ಹಾಕುವ ಇಂಜೆಕ್ಷನ್ ತೆಗೆದುಕೊಂಡ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರೋ ಜೋರಾಗಿ ಹೇಳುತ್ತಿದ್ದರು. ಆ ದಿನ ನನಗೆ ಜ್ವರ ಎಂದು ಹೇಳಿ ಅಮ್ಮಿ ಶಾಲೆಗೆ ಕಳಿಸಲಿಲ್ಲ. ನನಗೆ ಸೂಜಿ ಎಂದರೆ ಹೆದರಿಕೆ. ಇಲ್ಲದ ಜ್ವರಕ್ಕೆ ಸಂತೋಷಪಟ್ಟು ಹೊದ್ದು ಮಲಗಿದೆ.

ನಿಘಂಟು ತೆಗೆದು ನೋಡಿದಾಗ ಡಿಫ್ತೀರಿಯಾಕ್ಕೆ ಕನ್ನಡದಲ್ಲಿ ಗಂಟಲಮಾರಿ ಎಂದಿತ್ತು. ಮಾರಿ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಮೊದಲು ಸ್ವಲ್ಪ ಜ್ವರ, ಗಂಟಲು ನೋವು. ಶೀತ ಇರಬೇಕು ಎಂದು ಎಲ್ಲರೂ ಸುಮ್ಮನಿರುತ್ತಾರೆ. ಎರಡು ಮೂರು ದಿನಗಳಲ್ಲಿ ಗಂಟಲಿನೊಳಗೆ ಬೂದು ಬಣ್ಣದ ದಪ್ಪ ಪೊರೆ ಬೆಳೆಯುತ್ತದೆ. ಕೀಳಲು ಹೋದರೆ ರಕ್ತ ಬರುತ್ತದೆ. ಕತ್ತು ಊದಿ ಗೂಳಿಯ ಕತ್ತಿನಂತಾಗುತ್ತದೆ. ಪೊರೆ ಉಸಿರಿನ ದಾರಿಗೆ ಇಳಿದರೆ ಉಸಿರು ಕಟ್ಟುತ್ತದೆ. ಹಾಗಾಗದೆ ಗಂಟಲು ವಾಸಿಯಾದಂತೆ ಕಂಡರೂ ಅಪಾಯ ಮುಗಿಯುವುದಿಲ್ಲ. ಈ ರೋಗಾಣು ಒಂದು ವಿಷವನ್ನು ಬಿಡುತ್ತದೆ. ಅದು ರಕ್ತದಲ್ಲಿ ಸೇರಿ ಹೃದಯಕ್ಕೂ ನರಗಳಿಗೂ ಹೋಗುತ್ತದೆ. ಎದ್ದು ಕುಳಿತ ರೋಗಿಯ ಹೃದಯ ಒಂದೆರಡು ವಾರದ ಮೇಲೆ ಇದ್ದಕ್ಕಿದ್ದಂತೆ ನಿಂತುಹೋಗಬಹುದು. ಕೆಮ್ಮು, ಸೀನುಗಳಿಂದ ಇದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಹೆಚ್ಚಾಗಿ ಬಲಿಯಾಗುತ್ತಿದ್ದವರು ಮಕ್ಕಳು.

ಇದಕ್ಕೆ ಅರಮನೆ, ಗುಡಿಸಲು ಎಂಬ ಭೇದವಿರಲಿಲ್ಲ. ವಿಕ್ಟೋರಿಯಾ ರಾಣಿಯ ಮಗಳು ಆಲಿಸ್ ಜರ್ಮನಿಯ ಒಂದು ಸಂಸ್ಥಾನದ ರಾಣಿಯಾಗಿದ್ದಳು. 1878ರಲ್ಲಿ ಅವಳ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಈ ಕಾಯಿಲೆಯಿಂದ ಮಲಗಿದರು. ನಾಲ್ಕು ವರ್ಷದ ಮಗಳು ನವೆಂಬರಿನಲ್ಲಿ ಹೋದಳು. ಮಕ್ಕಳ ಆರೈಕೆ ಮಾಡಿದ ಆಲಿಸ್ ಡಿಸೆಂಬರಿನಲ್ಲಿ ಹೋದಳು. ಅರ್ಧ ಲೋಕವನ್ನು ಆಳುತ್ತಿದ್ದ ತಾಯಿಗೆ ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ.

ಚಾಮರಾಜೇಂದ್ರರ ಸಾವಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ತಾರೀಖು. ಈ ರೋಗಾಣುವನ್ನು ವಿಜ್ಞಾನಿಗಳು ಕಂಡದ್ದು 1883ರಲ್ಲಿ. 1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಬೆಹ್ರಿಂಗ್ ಮತ್ತು ಜಪಾನಿನ ಕಿಟಾಸಾಟೊ ಸೇರಿ, ರೋಗವನ್ನು ಗೆದ್ದ ಪ್ರಾಣಿಯ ರಕ್ತದ ಸೀರಂನಲ್ಲಿ ಆ ವಿಷವನ್ನು ಅಡಗಿಸುವ ಶಕ್ತಿ ಇದೆ ಎಂದು ತೋರಿಸಿದರು. ಪ್ಯಾರಿಸ್ಸಿನಲ್ಲಿ ಎಮಿಲ್ ರೂ ಎಂಬ ವೈದ್ಯರು ಕುದುರೆಗಳಿಂದ ಅಂಥ ಸೀರಂ ತೆಗೆದು ಮಕ್ಕಳ ಆಸ್ಪತ್ರೆಯಲ್ಲಿ ಕೊಟ್ಟರು. ಮೊದಲು ಅಲ್ಲಿ ಈ ಕಾಯಿಲೆಯಿಂದ 100 ಮಕ್ಕಳಲ್ಲಿ ಸುಮಾರು 50 ಮಕ್ಕಳು ಸಾಯುತ್ತಿದ್ದರು. ಸೀರಂ ಕೊಟ್ಟ ಮೇಲೆ ಅದು ಸುಮಾರು 25ಕ್ಕೆ ಇಳಿಯಿತು. ರೂ ಈ ಸುದ್ದಿಯನ್ನು ಬುಡಾಪೆಸ್ಟಿನ ಸಮ್ಮೇಳನದಲ್ಲಿ ಲೋಕಕ್ಕೆ ಹೇಳಿದ್ದು 1894ರ ಸೆಪ್ಟೆಂಬರಿನಲ್ಲಿ. ನಮ್ಮ ಮಹಾರಾಜರು ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ನಡುವೆ ನಾಲ್ಕು ತಿಂಗಳೂ ಇಲ್ಲ. ಬೆಹ್ರಿಂಗರಿಗೆ 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಬಂತು. ಕಾಯಿಲೆ ಬಾರದಂತೆಯೇ ತಡೆಯುವ ಲಸಿಕೆಗೆ ದಾರಿಯಾದದ್ದು 1923ರಲ್ಲಿ.

ಅವರ ಅಂತ್ಯಕ್ರಿಯೆ ಕಲ್ಕತ್ತೆಯಲ್ಲೇ, ಕಾಳೀಘಾಟಿನ ಹತ್ತಿರ ನಡೆಯಿತು. ದಕ್ಷಿಣದ ದೇವಾಲಯದ ಶೈಲಿಯ ಸ್ಮಾರಕವೊಂದು ಅಲ್ಲಿ ಅವರ ನೆನಪಿಗೆ ಇದೆ. ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಆಗ 28 ವರ್ಷ. ಮಗ ಕೃಷ್ಣರಾಜನಿಗೆ ಹತ್ತು ವರ್ಷ. 1895ರ ಫೆಬ್ರವರಿಯಲ್ಲಿ ಆ ಹುಡುಗನಿಗೆ ಪಟ್ಟ ಕಟ್ಟಿದರು. ತಾಯಿ ದುಃಖ ನುಂಗಿಕೊಂಡು 1902ರವರೆಗೆ ರೀಜೆಂಟ್ ಆಗಿ ರಾಜ್ಯ ನಡೆಸಿದರು. ವಾಣಿವಿಲಾಸ ಸನ್ನಿಧಾನ ಎಂದು ಅವರ ಬಿರುದು. ಹಿರಿಯೂರಿನ ವಾಣಿವಿಲಾಸ ಸಾಗರ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಎರಡೂ ಅವರ ಹೆಸರಿನವು. ಆ ಆಸ್ಪತ್ರೆ ಹೆಂಗಸರ, ಮಕ್ಕಳ ಆಸ್ಪತ್ರೆ ಎಂಬುದು ನನಗೆ ಸಮಾಧಾನ ಕೊಟ್ಟಿತು. ಆ ಹತ್ತು ವರ್ಷದ ಹುಡುಗನೇ ಮುಂದೆ ಕನ್ನಂಬಾಡಿ ಕಟ್ಟೆ ಕಟ್ಟಿಸಿದ, ಮೈಸೂರು ವಿಶ್ವವಿದ್ಯಾಲಯ ತೆರೆದ ನಾಲ್ವಡಿ ಕೃಷ್ಣರಾಜ ಒಡೆಯರ್.

ಇಷ್ಟನ್ನು ಬರೆದುಕೊಂಡು ಒಂದು ಸಂಜೆ ದಾದಿಯ ಹತ್ತಿರ ಕುಳಿತೆ. ಅವರು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಡಿಫ್ತೀರಿಯಾಕ್ಕೆ ಉರ್ದುವಿನಲ್ಲಿ ಏನನ್ನುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಗಂಟಲಿನಲ್ಲಿ ಪೊರೆ ಕಟ್ಟುತ್ತದಂತೆ, ಕತ್ತು ಊದುತ್ತದಂತೆ, ಉಸಿರು ನಿಲ್ಲುತ್ತದಂತೆ ಎಂದು ವಿವರಿಸುತ್ತಾ ಹೋದೆ. ದಾದಿಯ ಕೈ ನಿಂತಿತು. ಖುನಾಖ್ ಎಂದರು. ಆಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ದಾದಿಗೆ ಒಬ್ಬ ತಮ್ಮನಿದ್ದನಂತೆ. ನಾಲ್ಕು ವರ್ಷ. ದಾದಿಗೆ ಆಗ ಎಂಟು. ಅವನನ್ನು ಎತ್ತಿಕೊಂಡು ತಿರುಗುತ್ತಿದ್ದವರು ಅವರೇ. ಜ್ವರ ಬಂತು, ಗಂಟಲು ಕಟ್ಟಿತು. ಮೂರನೆಯ ದಿನ ಎತ್ತಿನ ಗಾಡಿಯಲ್ಲಿ ಚನ್ನರಾಯಪಟ್ಟಣಕ್ಕೆ ಹೊರಟರು. ದಾದಿ ಗಾಡಿಯ ಹಿಂದೆ ಊರ ಹೊರಗಿನ ಕೆರೆ ಏರಿಯವರೆಗೆ ಓಡಿದರಂತೆ. ಗಾಡಿ ಪಟ್ಟಣ ಮುಟ್ಟಲಿಲ್ಲ, ಅರ್ಧ ದಾರಿಯಿಂದಲೇ ಹಿಂದಿರುಗಿತು. ನಮ್ಮ ಮನೆಯಲ್ಲಿ ಹದಿನೇಳು ವರ್ಷ ಬೆಳೆದ ನನಗೆ ದಾದಿಗೆ ತಮ್ಮನಿದ್ದ ಎಂಬುದೇ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಹೆಸರು ಚೀಟಿಯಲ್ಲಿತ್ತು, ಕನ್ನಡದಲ್ಲಿ ಒಂದು ಹೆಸರು ನಿಘಂಟಿನಲ್ಲಿತ್ತು, ಉರ್ದುವಿನಲ್ಲಿ ಒಂದು ಹೆಸರು ದಾದಿಯ ಎದೆಯಲ್ಲಿತ್ತು. ಮೂರೂ ಒಂದೇ ಕಾಯಿಲೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಕ್ಕಳಿಗೆ ಸೂಜಿ ಹಾಕಿಸಿದ್ದೀಯಾ ಎಂದು ದಾದಿ ಅಮ್ಮಿಯನ್ನು ಕೇಳಿದರು. ಅಮ್ಮಿ ಉತ್ತರ ಕೊಡದೆ ಒಳಗೆ ಹೋಗಿ, ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಿಂದ ನಮ್ಮ ತಾಯಿ ಕಾರ್ಡುಗಳನ್ನು ತಂದು ಮುಂದಿಟ್ಟರು. ನಾನು ಕೂಸಾಗಿದ್ದಾಗಿನ ಒಂದೂ ಲಸಿಕೆ ತಪ್ಪಿರಲಿಲ್ಲ. ಒಂದೂವರೆ ವರ್ಷದ್ದು, ಐದು ವರ್ಷದ್ದು ಎಲ್ಲಕ್ಕೂ ತಾರೀಖು ಹಾಕಿತ್ತು. ಬಿಸಿಲಿನಲ್ಲಿ ನನ್ನನ್ನು ಸೊಂಟದಲ್ಲಿ ಹೊತ್ತು ಹೋಗಿ ಹಾಕಿಸಿದ್ದು ಇದೇ ಅಮ್ಮಿ. ನಿಂತದ್ದು ಫೋನಿಗೆ ವಿಡಿಯೋ ಬಂದ ಮೇಲೆ. ಆ ಕಾರ್ಡಿನ ಮೊದಲ ಭಾಗದಲ್ಲಿ ಇನ್ನೊಂದು ವಿಷಯವೂ ಇತ್ತು. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮಿಗೂ ಟೆಟನಸ್ ಇಂಜೆಕ್ಷನ್ ಹಾಕಿದ್ದರು. ಈಗ ಬಸುರಿಯರಿಗೆ ಹಾಕುವುದು ಇದೇ ಟಿಡಿ. ಅದರಿಂದ ಮಕ್ಕಳಾಗುವುದಿಲ್ಲ ಎಂದಾದರೆ ಬಸುರಿಯರಿಗೆ ಯಾಕೆ ಹಾಕುತ್ತಾರೆ ಎಂದು ಕೇಳಿದೆ. ಅಮ್ಮಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

ಆಗ ಅವರಿಗೆ ಮೈಸೂರು ಅರಮನೆಯದೇ ಒಂದು ಹಳೆಯ ವಿಷಯ ಹೇಳಿದೆ. ಚಾಮರಾಜೇಂದ್ರರು ಹುಟ್ಟುವುದಕ್ಕೆ ಐವತ್ತು ವರ್ಷಕ್ಕೂ ಮುಂಚೆ, 1805ರ ಹೊತ್ತಿಗೆ, ಸಿಡುಬಿನ ಲಸಿಕೆ ಹೊಸದಾಗಿ ಬಂದಿತ್ತು. ಜನ ಹೆದರುತ್ತಿದ್ದರು. ಆಗ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರಿನ ರಾಣಿಯರ ಚಿತ್ರ ಬರೆದ. ಅದರಲ್ಲಿ ಒಬ್ಬ ಯುವರಾಣಿ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜರ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ಜಾಗವನ್ನು ಜನರಿಗೆ ಕಾಣಿಸುತ್ತಿದ್ದಾಳೆ ಎಂದು ಇತಿಹಾಸಕಾರರು ಹೇಳುತ್ತಾರೆ. ಪರದೆಯ ಒಳಗಿದ್ದ ರಾಣಿ ತೋಳು ತೋರಿಸಿದಳೇ ಎಂದು ದಾದಿಗೆ ಬಹಳ ಆಶ್ಚರ್ಯವಾಯಿತು.

ಗುರುವಾರ ಲಸಿಕೆ ಹಾಕುವ ದಿನ. ನಾನು ಮತ್ತು ದಾದಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿನ ಸಿಸ್ಟರ್ ಕಾರ್ಡು ನೋಡಿ, ಚಿಕ್ಕಂದಿನ ಲಸಿಕೆಯ ಬಲ ವರ್ಷ ಕಳೆದಂತೆ ಕಡಿಮೆಯಾಗುತ್ತದೆ, ಅದಕ್ಕೇ ಹತ್ತಕ್ಕೂ ಹದಿನಾರಕ್ಕೂ ಮತ್ತೆ ಹಾಕುವುದು, ತಡವಾದರೂ ಪರವಾಗಿಲ್ಲ ಬಾಮ್ಮ ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ದಾದಿ ನನ್ನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಎರಡು ದಿನ ತೋಳು ನೋವಿತ್ತು, ಅಷ್ಟೇ.

ತಂಗಿಗೆ ಹನ್ನೊಂದು ವರ್ಷ. ಅವಳ ಕಾರ್ಡಿನಲ್ಲಿ ಹತ್ತು ವರ್ಷದ ಮನೆ ಇನ್ನೂ ಖಾಲಿ ಇದೆ. ಪರೀಕ್ಷೆ ಮುಗಿಯಲಿ ನೋಡೋಣ ಎಂದು ಅಮ್ಮಿ ಹೇಳುತ್ತಾರೆ. ಅವರ ಹೆದರಿಕೆ ಪೂರ್ತಿ ಹೋಗಿಲ್ಲ ಎಂದು ನನಗೆ ಗೊತ್ತು. ನಾನು ಜಗಳವಾಡುತ್ತಿಲ್ಲ. ಪ್ರತಿ ಬುಧವಾರ ರಾತ್ರಿ ಆ ಕಾರ್ಡನ್ನು ಟೀವಿಯ ಮುಂದೆ ತೆಗೆದಿಡುತ್ತೇನೆ.

ಈ ಕಾಯಿಲೆ ಈಗ ಅಪರೂಪ. ಅಪರೂಪವಾದದ್ದರಿಂದಲೇ ನಮಗೆ ಅದರ ಭಯ ಹೋಗಿ ಸೂಜಿಯ ಭಯ ಉಳಿದಿದೆ. ಆದರೆ ಅದು ಪೂರ್ತಿ ಹೋಗಿಲ್ಲ. 2016ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ಕಾಣಿಸಿಕೊಂಡು ನಮ್ಮಷ್ಟೇ ವಯಸ್ಸಿನ ಮಕ್ಕಳು ತೀರಿಕೊಂಡರು. 80 ಲಕ್ಷ ಸಾಲದ ರಾಜ್ಯವನ್ನು ನಿಭಾಯಿಸಿದ ಚಾಮರಾಜೇಂದ್ರರಿಗೆ ಲಸಿಕೆ ಸಿಗುವಂತಿರಲಿಲ್ಲ, ಅದಿನ್ನೂ ಹುಟ್ಟಿರಲಿಲ್ಲ. ದಾದಿಯ ತಮ್ಮನ ಕಾಲಕ್ಕೆ ಹುಟ್ಟಿತ್ತು, ನಮ್ಮ ಹಳ್ಳಿಯವರೆಗೆ ಬಂದಿರಲಿಲ್ಲ. ನನಗೆ ಅದು ಶಾಲೆಯ ಬೆಂಚಿನವರೆಗೂ ಬಂದಿತ್ತು, ನಾನು ಹೊದ್ದು ಮಲಗಿದ್ದೆ.

ಸ್ನೇಹಿತರೇ, ಇವತ್ತು ಮನೆಗೆ ಹೋದಾಗ ನಿಮ್ಮ ಮನೆಯ ಪ್ಲಾಸ್ಟಿಕ್ ಕವರಿನಲ್ಲಿರುವ ಕಾರ್ಡನ್ನೂ ಒಮ್ಮೆ ತೆಗೆದು ನೋಡಿ. ಹತ್ತು, ಹದಿನಾರರ ಮನೆಗಳು ಖಾಲಿ ಇದ್ದರೆ ಗುರುವಾರ ಹೋಗಿ ಬನ್ನಿ. ಮನೆಯಲ್ಲಿ ದಾದಿ, ನಾನಿ, ಅಜ್ಜಿ ಇದ್ದರೆ ಖುನಾಖ್ ಎಂದರೇನು, ಗಂಟಲಮಾರಿ ಎಂದರೇನು ಎಂದು ಕೇಳಿ. ಅವರು ಹೇಳುವಾಗ ಎದ್ದು ಹೋಗಬೇಡಿ.